ಐಸ್ ಪ್ಲಾಂಟ್‌ನಲ್ಲಿ ಎರಡು ಬೆರಳು ಹೋಗಿವೆ: ಸಂಬಳ, ಪರಿಹಾರ ಯಾರಿಂದ, ಹೇಗೆ?

ಮಾಜಾಳಿ ಕಡೆಯವ:

ಕಾರವಾರ ತಾಲೂಕಿನ ಒಂದು ಐಸ್ ಪ್ಲಾಂಟ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಕೇರಿಯ ಹುಡುಗನ ವಿಷಯ. ವಯಸ್ಸು 30 ತುಂಬಿದೆ. 2025ರ ಆಗಸ್ಟ್ ಎರಡನೇ ವಾರ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಹೊಸತು, ರಾತ್ರಿ ಪಾಳಿ. ಕ್ರಷರ್ ಬಾಯಲ್ಲಿ ಐಸ್ ಗಡ್ಡೆ ಅಡ್ಡ ಸಿಕ್ಕಿಕೊಂಡಿತ್ತು. ಕೊಕ್ಕೆಯಿಂದ ನೂಕುವಾಗ ಕೈಗವಸು ಹಲ್ಲಿಗೆ ಸಿಕ್ಕಿ ಬಲಗೈ ಎಳೆದುಕೊಂಡಿತು. ತೋರುಬೆರಳು, ನಡುಬೆರಳು ಎರಡನ್ನೂ ಬುಡದಿಂದ ತೆಗೆದಿದ್ದಾರೆ.

ಸಂಬಳ ತಿಂಗಳಿಗೆ 14,000. ಅದರಲ್ಲಿ 10,000 ಬ್ಯಾಂಕಿಗೆ, 4,000 ಕೈಗೆ. ಪಗಾರ ಚೀಟಿ ಇಲ್ಲ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಇಲ್ಲ. ಮೊದಲ ಎರಡು ದಿನದ ಆಸ್ಪತ್ರೆ ಬಿಲ್ಲನ್ನು ಮ್ಯಾನೇಜರ್ ತನ್ನ ಮೊಬೈಲಿನಿಂದ ಕಟ್ಟಿದ. ಆಮೇಲೆ ಮಾಲೀಕರು 20,000 ಕೈಗೆ ಕೊಟ್ಟರು. ಅಂದಿನಿಂದ ಸಂಬಳವೂ ಇಲ್ಲ, ಫೋನೂ ಇಲ್ಲ. ಈಗ 50,000 ಕೊಡುತ್ತೇವೆ, ನೂರು ರೂಪಾಯಿ ಛಾಪಾ ಕಾಗದದ ಮೇಲೆ ‘ಮುಂದೆ ಯಾವ ಹಕ್ಕೂ ಇಲ್ಲ’ ಎಂದು ಸಹಿ ಹಾಕು ಅನ್ನುತ್ತಿದ್ದಾರೆ.

ಅವರ ವಾದ ಎರಡು. ನಮ್ಮಲ್ಲಿ ಇರುವುದೇ ಎಂಟು ಜನ, ಯಾವ ಕಾಯ್ದೆಯೂ ಅನ್ವಯ ಆಗುವುದಿಲ್ಲ. ಮಳೆಗಾಲದಲ್ಲಿ ಬಂದ್ ಇರುತ್ತದೆ, ಇದು ಸೀಸನ್ ಧಂದೆ. ಇನ್ನೊಂದು ತೊಂದರೆ: ಮೊದಲ ಆಸ್ಪತ್ರೆಯ ಚೀಟಿಯಲ್ಲಿ ‘ಮನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿ’ ಎಂದು ಬರೆದಿದೆ. ಕರೆದುಕೊಂಡು ಹೋದವನು ಮ್ಯಾನೇಜರ್, ಹೇಳಿದವನೂ ಅವನೇ.

ಆರು ತಿಂಗಳ ಹತ್ತಿರ ಬಂತು. ಹಕ್ಕು ಉಳಿದಿದೆಯೇ? ಎಷ್ಟು ಬರುತ್ತದೆ? ಮೊದಲು ಎಲ್ಲಿಗೆ ಹೋಗಬೇಕು?

---

ಅಘನಾಶಿನಿ ದಂಡೆ:

ಸಹಿ ಹಾಕಬೇಡಿ. ಉಳಿದದ್ದೆಲ್ಲ ಆಮೇಲೆ.

ಅಪಘಾತ 2025ರ ಆಗಸ್ಟ್‌ನಲ್ಲಿ ಆದದ್ದರಿಂದ ಈ ಪ್ರಕರಣಕ್ಕೆ ಹಳೆಯ ಕಾಯ್ದೆಗಳೇ ಲಾಗು, ಅಂದರೆ 1923ರ ನೌಕರರ ಪರಿಹಾರ ಕಾಯ್ದೆ ಅಥವಾ 1948ರ ಇಎಸ್‌ಐ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಆ ದಿನದ ನಂತರದ ಅಪಘಾತಗಳಿಗೆ ಸೆಕ್ಷನ್ ಸಂಖ್ಯೆಗಳು ಬೇರೆ. ವಕೀಲರು ಅರ್ಜಿ ಬರೆಯುವಾಗ ಈ ದಿನಾಂಕ ನೋಡಿಕೊಳ್ಳಲಿ.

ಈ ಎರಡು ಕಾಯ್ದೆಗಳಲ್ಲಿ ಯಾವುದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು, ಯಾಕೆಂದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಇಎಸ್‌ಐ ಅನ್ವಯವಾಗುವ ನೌಕರ ನೌಕರರ ಪರಿಹಾರ ಕಾಯ್ದೆಯಡಿ ಕೇಳುವಂತಿಲ್ಲ, ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅದನ್ನು ತಡೆಯುತ್ತದೆ. ತಪ್ಪು ಬಾಗಿಲು ತಟ್ಟಿ ಎರಡು ವರ್ಷ ಕಳೆದ ಮೇಲೆ ಅರ್ಜಿ ವಜಾ ಆದರೆ ಆ ಸಮಯ ವಾಪಸ್ ಬರುವುದಿಲ್ಲ.

ಇಎಸ್‌ಐಗೆ ಬೇಕಾದದ್ದು 10 ಜನ. ಎಂಟು ಎಂದು ಮಾಲೀಕರು ಹೇಳಿದ್ದನ್ನು ಹಾಗೇ ನಂಬಬೇಡಿ. ಗುತ್ತಿಗೆದಾರನ ಮೂಲಕ ಬಂದು ಪ್ಲಾಂಟಿನ ಆವರಣದಲ್ಲೇ ಗಡ್ಡೆ ಎಳೆಯುವವರು, ಲಾರಿಗೆ ತುಂಬುವವರು, ರಾತ್ರಿ ವಾಚ್‌ಮನ್, ಲೆಕ್ಕ ಬರೆಯುವವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 10 ಜನ ಇದ್ದರೂ ಸಾಕು. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವುದಿಲ್ಲ. ಆಗಸ್ಟ್‌ನಿಂದ ಬೋಟು ಸಾಲುಗಟ್ಟಿ ನಿಂತಾಗ ಎಂಟೇ ಜನರಿಂದ ಎರಡು ಪಾಳಿ ನಡೆಯುತ್ತಿತ್ತೇ ಎಂದು ಅವನನ್ನೇ ಕೇಳಿ, ಹೆಸರುಗಳನ್ನು ಬರೆಸಿ.

‘ಸೀಸನ್ ಧಂದೆ’ ಎಂಬ ವಾದ ನಿಲ್ಲುವುದಿಲ್ಲ. ಇಎಸ್‌ಐ ಕಾಯ್ದೆಯಲ್ಲಿ ಋತುಮಾನದ ಕಾರ್ಖಾನೆ ಎಂದರೆ ಹತ್ತಿ ಜಿನ್ನಿಂಗ್, ಸಕ್ಕರೆ, ಕಾಫಿ, ಚಹಾ, ರಬ್ಬರ್ ಮುಂತಾಗಿ ಹೆಸರಿಸಿದ ಉದ್ಯಮಗಳು, ಜೊತೆಗೆ ವರ್ಷಕ್ಕೆ ಏಳು ತಿಂಗಳು ಮೀರದೆ ನಡೆಯುವ ಕೆಲವು ನಿರ್ದಿಷ್ಟ ಕೆಲಸಗಳು. ನಮ್ಮ ಕರಾವಳಿಯ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಉಳಿದ ಹತ್ತು ತಿಂಗಳು ಕಂಪ್ರೆಸರ್ ಓಡುವ ಐಸ್ ಪ್ಲಾಂಟ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

10 ಜನ ಆಗುತ್ತಾರೆ ಎಂದಾದರೆ ದಾರಿ ಇಎಸ್‌ಐ. ಅವನ ಸಂಬಳ 21,000ದ ಮಿತಿಯೊಳಗೇ ಇದೆ. ‘ಹೆಸರು ನೋಂದಾಯಿಸಿಲ್ಲವಲ್ಲ’ ಎಂದು ಕೈಬಿಡಬೇಡಿ. ವಂತಿಗೆ ‘ಕೊಡಬೇಕಾಗಿದ್ದ’ ನೌಕರನೂ ಕಾಯ್ದೆಯ ಕಣ್ಣಲ್ಲಿ ವಿಮಾದಾರನೇ. ಮಾಲೀಕ ಕಟ್ಟದಿದ್ದರೆ ಇಎಸ್‌ಐ ನಿಗಮ ನೌಕರನಿಗೆ ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದು. ಆದರೆ ಅಪಘಾತ ಆದ ಮೇಲೆ ಅವಸರದಲ್ಲಿ ಹೆಸರು ಸೇರಿಸಿದ ಪ್ರಕರಣಗಳನ್ನು ನಿಗಮ ತುಂಬ ಕೂಲಂಕಷವಾಗಿ ತನಿಖೆ ಮಾಡುತ್ತದೆ. ಅಪಘಾತಕ್ಕಿಂತ ಮೊದಲಿನ ಹಾಜರಿ, ಬ್ಯಾಂಕ್ ಜಮೆ, ಸಹೋದ್ಯೋಗಿಗಳ ಹೇಳಿಕೆ ಕೈಯಲ್ಲಿರಬೇಕು. ಮಾಲೀಕರ ಸಂಸ್ಥೆ ಈಗಾಗಲೇ ನೋಂದಣಿಯಾಗಿದೆಯೇ ಎಂದು ನಿಗಮದ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು. ಇದು ಇವತ್ತೇ ಮಾಡಬಹುದಾದ ಕೆಲಸ.

ನಿಜಕ್ಕೂ 10 ಜನ ಆಗುವುದಿಲ್ಲ ಎಂದಾದರೆ 1923ರ ಕಾಯ್ದೆ. ಅಲ್ಲಿ ತಲೆ ಎಣಿಕೆಯೇ ಇಲ್ಲ. ವಿದ್ಯುತ್ ಬಳಸಿ ತಯಾರಿಕಾ ಪ್ರಕ್ರಿಯೆ ನಡೆಯುವ ಆವರಣದಲ್ಲಿ ಕೆಲಸ ಮಾಡುವವನು ಒಬ್ಬನೇ ಆದರೂ ಅವನು ಎರಡನೇ ಅನುಸೂಚಿಯ ನೌಕರ. ದಿನಗೂಲಿ, ಬದಲಿ ಕೆಲಸ ಎಂಬ ನೆಪವೂ ನಡೆಯುವುದಿಲ್ಲ.

---

ಕೋರ್ಟು ಕಟ್ಟೆ:

ಮೊತ್ತದ ಲೆಕ್ಕ ಹೇಳುತ್ತೇನೆ. ನಾಲ್ಕು ಅಂಕಿ ಸಾಕು: ತಿಂಗಳ ಸಂಬಳ, ವಯಸ್ಸಿನ ಅಂಶ (ವಯಸ್ಸಿಗೆ ತಕ್ಕಂತೆ ಗುಣಿಸುವ ಅಂಕಿ), ಗಾಯದ ಶೇಕಡಾ, ಮತ್ತು ಕಾಯ್ದೆ ಹೇಳುವ ಶೇ 60.

ಸಂಬಳಕ್ಕೆ ಮೇಲ್ಮಿತಿ 15,000, 2020ರ ಜನವರಿ 3ರಿಂದ. ಅದಕ್ಕೂ ಮೊದಲು 8,000 ಇತ್ತು. ಇವನದು 14,000, ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಅದರ ಶೇ 60 ಅಂದರೆ 8,400. ನಾಲ್ಕನೇ ಅನುಸೂಚಿಯಲ್ಲಿ 30 ವರ್ಷ ತುಂಬಿದವನಿಗೆ ಅಂಶ 207.98. ಗುಣಿಸಿದರೆ 17,47,032. ಇದು ಪೂರ್ಣ ಶಾಶ್ವತ ಅಂಗವೈಕಲ್ಯದ ಮೊತ್ತ. ಒಂದೇ ಕೈಯ ಎರಡು ಬೆರಳು ಹೋದರೆ ಮೊದಲನೇ ಅನುಸೂಚಿಯ ಪ್ರಕಾರ ದುಡಿಮೆಯ ಶಕ್ತಿಯ ನಷ್ಟ ಶೇ 20. ಹಾಗಾಗಿ 3,49,406 ರೂಪಾಯಿ. ಮಾಲೀಕರು ತೋರಿಸುತ್ತಿರುವ 50,000ವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈ ಮೊತ್ತ ಎಲ್ಲಿ ಕರಗುತ್ತದೆ ಅಂದರೆ, ಮೊದಲನೆಯದು ಸಂಬಳದ ಪುರಾವೆಯಲ್ಲಿ. ಬ್ಯಾಂಕಿನ 10,000 ಮಾತ್ರ ಸಾಬೀತಾದರೆ ಇದೇ ಲೆಕ್ಕ 2,49,576ಕ್ಕೆ ಇಳಿಯುತ್ತದೆ. ಕೈಗೆ ಕೊಟ್ಟ ನಾಲ್ಕು ಸಾವಿರಕ್ಕೆ ಪುರಾವೆ ಇಲ್ಲದ ಬೆಲೆ 99,830 ರೂಪಾಯಿ. ಆದ್ದರಿಂದ ಆ ನಗದು ಎಲ್ಲಿ ಬರೆಯಲಾಗುತ್ತಿತ್ತು ಎಂದು ನೆನಪು ಮಾಡಿಸಿ. ಮೇಸ್ತ್ರಿಯ ನೋಟ್‌ಬುಕ್‌ನ ಫೋಟೋ, ‘ಉಳಿದದ್ದು ಶನಿವಾರ ಕೊಡ್ತೆ’ ಎಂಬ ವಾಟ್ಸಾಪ್ ಸಂದೇಶ, ಅದೇ ಕೆಲಸ ಮಾಡುವ ಇನ್ನೊಬ್ಬನ ಸಾಕ್ಷಿ, ಯಾವುದಾದರೂ ಆದೀತು. ಸರ್ಕಾರದ ಕನಿಷ್ಠ ವೇತನ ಅಧಿಸೂಚನೆಯನ್ನೂ ಹಾಜರುಪಡಿಸಿ, ಅದಕ್ಕಿಂತ ಕಡಿಮೆ ಸಂಬಳ ಎಂದು ಮಾಲೀಕ ವಾದಿಸುವುದು ಕಷ್ಟವಾಗುತ್ತದೆ.

ಎರಡನೆಯದು ವಯಸ್ಸು. ಆಸ್ಪತ್ರೆಯಲ್ಲಿ ಅಂದಾಜಿನ ಮೇಲೆ ‘35’ ಎಂದು ಬರೆದಿರುತ್ತಾರೆ. 35ಕ್ಕೆ ಅಂಶ 197.06, ಮೊತ್ತ 3,31,061. ಶಾಲೆಯ ದಾಖಲೆ ಒಂದು ಹಾಜರುಪಡಿಸಿದರೆ 18,345 ರೂಪಾಯಿ ಉಳಿಯುತ್ತದೆ. ಅಪಘಾತಕ್ಕೆ ಮೊದಲಿನ ಹುಟ್ಟುಹಬ್ಬಕ್ಕೆ ಎಷ್ಟು ತುಂಬಿತ್ತೋ ಅದೇ ವಯಸ್ಸು.

ಮೂರನೆಯದು ಶೇಕಡಾ. ಎರಡು ಬೆರಳಿಗೆ ಶೇ 20 ಎಂಬುದು ಅನುಸೂಚಿಯ ಅಂಕಿ. ಉಳಿದ ಬೆರಳುಗಳು ಗಟ್ಟಿಯಾಗಿ ಮಡಚಲು ಬಾರದಿದ್ದರೆ, ಅಂಗೈಯ ಮೂಳೆ ಮುರಿದಿದ್ದರೆ, ಅದು ಬೇರೆ ಗಾಯ. ಅದರಿಂದ ದುಡಿಮೆಗೆ ಎಷ್ಟು ನಷ್ಟ ಎಂದು ವೈದ್ಯರು ಪ್ರತ್ಯೇಕವಾಗಿ ಅಂದಾಜು ಮಾಡಿ ಹೇಳಬೇಕು. ಐಸ್ ಪ್ಲಾಂಟಿನ ಕೆಲಸವೆಲ್ಲ ಹಿಡಿತದ್ದು. ತಣ್ಣಗೆ ಜಾರುವ ಗಡ್ಡೆಗೆ ಕೊಕ್ಕೆ ಹಾಕಿ ಎಳೆಯಲು ಹೆಬ್ಬೆರಳಿನ ಎದುರಿಗೆ ತೋರುಬೆರಳೂ ನಡುಬೆರಳೂ ಬೇಕು. ಪ್ರಮಾಣಪತ್ರದಲ್ಲಿ ‘ಅಂಗವೈಕಲ್ಯ ಶೇ ಇಷ್ಟು’ ಎಂದಷ್ಟೇ ಬರೆಸಿಕೊಂಡು ಬಂದರೆ ಕೆಲಸವಾಗದು. ‘ಬಲಗೈ ಹಿಡಿತ ಇಷ್ಟು ಕುಂದಿದೆ, ಹಿಂದಿನ ಕೆಲಸ ಮಾಡಲು ಆಗುವುದಿಲ್ಲ, ದುಡಿಮೆಯ ನಷ್ಟ ಶೇ ಇಷ್ಟು’ ಎಂದು ಇರಬೇಕು. ಬರೆದ ವೈದ್ಯರೇ ಸಾಕ್ಷಿಗೆ ಬರಬೇಕು ಎಂಬುದೂ ನೆನಪಿರಲಿ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ, 1975ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು. ಎಡಗೈ ಕಳೆದುಕೊಂಡ ಬಡಗಿಗೆ ಬಡಗಿ ಕೆಲಸವೇ ಹೋಯಿತು ಎಂದು ಪೂರ್ಣ ನಷ್ಟವನ್ನೇ ಒಪ್ಪಿದರು. ಎರಡು ಬೆರಳಿಗೆ ಶೇ 100 ಸಿಗುತ್ತದೆ ಎಂದು ಇದರ ಅರ್ಥವಲ್ಲ. ಕೈಯನ್ನು ಕೆಲಸದ ಜೊತೆ ಇಟ್ಟು ತೂಗಬೇಕು ಎಂಬ ತತ್ವಕ್ಕೆ ಇದೇ ಆಧಾರ.

ಅದೇ ತೀರ್ಪು ಇನ್ನೊಂದನ್ನೂ ಹೇಳಿದೆ: ಪರಿಹಾರ ಬಾಕಿಯಾಗುವುದು ಅಪಘಾತದ ದಿನವೇ, ಕೋರ್ಟು ತೀರ್ಪು ಕೊಟ್ಟ ದಿನವಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಸರಳ ಬಡ್ಡಿ. ಇವನ ಮೊತ್ತಕ್ಕೆ ಅದು ವರ್ಷಕ್ಕೆ ಸುಮಾರು 41,900. ವಿಳಂಬಕ್ಕೆ ಸಮರ್ಥ ಕಾರಣ ಇಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವೂ ಹಾಕಬಹುದು, ಅದೂ ನೌಕರನಿಗೇ ಸೇರುತ್ತದೆ. ದಂಡವನ್ನು ಅರ್ಜಿಯಲ್ಲೇ ಬೇರೆಯಾಗಿ ಕೇಳಿ. ಕೇಳದೆ ಬಿಟ್ಟವರೇ ಹೆಚ್ಚು.

ಇನ್ನು ಮನೆಯಲ್ಲಿ ಕೂತ ದಿನಗಳ ಸಂಬಳ. 1923ರ ಕಾಯ್ದೆಯಲ್ಲಿ ತಾತ್ಕಾಲಿಕ ಅಸಮರ್ಥತೆಗೆ ಪ್ರತಿ ಅರ್ಧ ತಿಂಗಳಿಗೆ ಸಂಬಳದ ಶೇ 25, ಅಂದರೆ ಇವನಿಗೆ 3,500, ತಿಂಗಳಿಗೆ 7,000. ಅಸಮರ್ಥತೆ 28 ದಿನ ಅಥವಾ ಹೆಚ್ಚು ಇದ್ದರೆ ಮೊದಲ ಕಂತು 16ನೇ ದಿನಕ್ಕೆ ಬಾಕಿ. ಇಎಸ್‌ಐ ಆಗಿದ್ದರೆ ಇದೇ ಅವಧಿಗೆ ಸಂಬಳದ ಶೇ 90, ತಿಂಗಳಿಗೆ ಸುಮಾರು 12,600. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತ ಆದರೂ ಸಿಗುತ್ತದೆ. ಆಮೇಲೆ ಮೆಡಿಕಲ್ ಬೋರ್ಡ್ ಶೇ 20 ನಷ್ಟ ಎಂದರೆ ಆ ಶೇ 90ರ ಐದನೇ ಒಂದು ಭಾಗ, ತಿಂಗಳಿಗೆ ಸುಮಾರು 2,520, ಜೀವನಪೂರ್ತಿ. 30ರ ಹುಡುಗನಿಗೆ ಒಂದೇ ಗಂಟಿಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಗಂಟಾಗಿ ಬಂದದ್ದು ಸಾಲ ತೀರಿಸುವುದರಲ್ಲೇ ಹೋಗುತ್ತದೆ. ಅದಕ್ಕೇ ಮೇಲಿನವರು ಹೇಳಿದ ತಲೆ ಎಣಿಕೆಯನ್ನು ಹಗುರವಾಗಿ ನೋಡಬೇಡಿ.

---

ಮಾಜಾಳಿ ಕಡೆಯವ:

ತುಂಬ ಉಪಕಾರವಾಯಿತು. ಹೆಸರು ಬರೆಸಿದೆ: ಪಾಳಿಯವರು ಎಂಟು, ವಾಚ್‌ಮನ್ ಒಬ್ಬ. ತುಂಬುವವರು ಪ್ಲಾಂಟಿನವರಲ್ಲ, ಬೋಟಿನವರೇ ಬಂದು ತುಂಬಿಕೊಳ್ಳುತ್ತಾರೆ. ಒಂಬತ್ತಕ್ಕೆ ನಿಂತಿತು. ಪೋರ್ಟಲಿನಲ್ಲೂ ಹೆಸರು ಸಿಗಲಿಲ್ಲ. ಹಾಗಾದರೆ 1923ರದೇ ದಾರಿ ಎಂದುಕೊಳ್ಳುತ್ತೇನೆ. ಆ ‘ಮನೆಯಲ್ಲಿ’ ಎಂಬ ಚೀಟಿಯನ್ನು ತಿದ್ದಿಸಬಹುದೇ? ಮತ್ತೆ ಕೊಟ್ಟ 20,000 ಕಳೆಯುತ್ತಾರೆಯೇ?

---

ಬಂದರ ರಸ್ತೆ:

ಚೀಟಿ ತಿದ್ದಿಸಲು ಹೋಗಬೇಡಿ. ಒಳ್ಳೆಯ ವೈದ್ಯರು ತಿದ್ದುವುದೂ ಇಲ್ಲ. ತಿದ್ದಿದ ಚೀಟಿ ಪಾಟೀಸವಾಲಿನಲ್ಲಿ ತಿದ್ದದ ಚೀಟಿಗಿಂತ ಕೆಟ್ಟದಾಗಿ ಕಾಣುತ್ತದೆ. ಹೀಗೆ ಬರೆಸುವುದರ ಹಿಂದಿನ ಉದ್ದೇಶ ಸರಳ. ಕೆಲಸದ ಜಾಗದ ಗಾಯ ಎಂದರೆ ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಮನೆ ಎಂದರೆ ಆ ಗೋಜಿಲ್ಲ. ನ್ಯಾಯಾಧೀಶರಿಗೂ ಇದು ಹೊಸದಲ್ಲ, ಬೇರೆ ಪುರಾವೆ ಎದುರಿಗಿರಬೇಕು ಅಷ್ಟೇ.

ಆ ಪುರಾವೆ ಇರುವುದು ನಿಮ್ಮ ಪ್ರಶ್ನೆಯಲ್ಲೇ. ಮ್ಯಾನೇಜರ್ ತನ್ನ ಮೊಬೈಲಿನಿಂದ ಬಿಲ್ಲು ಕಟ್ಟಿದ್ದಾನೆ. ಮನೆಯಲ್ಲಿ ಆದ ಗಾಯಕ್ಕೆ ಪ್ಲಾಂಟಿನ ಮ್ಯಾನೇಜರ್ ರಾತ್ರಿ ಆಸ್ಪತ್ರೆಗೆ ಬಂದು ಹಣ ಯಾಕೆ ಕಟ್ಟಿದ? ಆಸ್ಪತ್ರೆಯ ಬಿಲ್ ವಿಭಾಗದಿಂದ ಪಾವತಿಯ ವಿವರ ಇರುವ ರಸೀದಿ ನಕಲು ತೆಗೆದುಕೊಳ್ಳಿ. ದಾಖಲಾತಿ ಹಾಳೆಯಲ್ಲಿ ‘ಕರೆತಂದವರು’ ಎಂಬ ಕಾಲಂ ಇರುತ್ತದೆ, ಅಲ್ಲಿ ಅವನದೇ ಹೆಸರಿದ್ದರೆ ಅರ್ಧ ಕೆಲಸ ಆದಂತೆ. ಕೇಸ್ ಶೀಟಿನ ಪೂರ್ತಿ ನಕಲನ್ನು ರೋಗಿಯೇ ಲಿಖಿತ ಅರ್ಜಿ ಕೊಟ್ಟು ಪಡೆಯಬಹುದು. ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ನಂಬಿ ಕೂರಬೇಡಿ, ನರ್ಸ್ ಟಿಪ್ಪಣಿಗಳಲ್ಲಿ ಕೆಲವೊಮ್ಮೆ ನಿಜ ಇರುತ್ತದೆ. ಎರಡನೇ ಆಸ್ಪತ್ರೆಗೆ ಹೋಗಿದ್ದರೆ, ನಮ್ಮ ಕಡೆಯವರು ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡುವುದು ಇದ್ದದ್ದೇ, ಅಲ್ಲಿನ ದಾಖಲೆಯಲ್ಲಿ ಏನು ಬರೆದಿದೆ ನೋಡಿ.

ಆಮೇಲೆ ಆ ರಾತ್ರಿಯ ಐಸ್ ಚೀಟಿ. ಯಾವ ಬೋಟಿಗೆ, ಎಷ್ಟು ಗಂಟೆಗೆ ಐಸ್ ಕೊಟ್ಟರು ಎಂದು ಬೋಟಿನವರ ಬಳಿ ಇರುತ್ತದೆ. ಗಡ್ಡೆ ಸಿಕ್ಕಿ, ಕೈ ಸಿಕ್ಕಿ, ಕ್ರಷರ್ ನಿಂತಾಗ ಯಾವ ಬೋಟು ಐಸಿಗೆ ಕಾಯುತ್ತಿತ್ತು ಎಂಬುದು ತಾಂಡೇಲನಿಗೆ (ಬೋಟು ನಡೆಸುವವನಿಗೆ) ನೆನಪಿರುತ್ತದೆ. ಅವನು ಮಾಲೀಕನ ಸಂಬಳದವನಲ್ಲ, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು. ಸಿಸಿಟಿವಿ ಇಷ್ಟು ಹೊತ್ತಿಗೆ ಅಳಿಸಿ ಹೋಗಿರುತ್ತದೆ. ಮುಂದೆ ಯಾರಿಗಾದರೂ ಹೀಗಾದರೆ ಮೊದಲ ವಾರದಲ್ಲೇ ‘ಅಳಿಸಬೇಡಿ’ ಎಂದು ಲಿಖಿತವಾಗಿ ಕೊಡಿ.

ಕ್ರಷರಿನ ಫೋಟೋ ಈಗಲೂ ಉಪಯೋಗಕ್ಕೆ ಬರುತ್ತದೆ. ಹಾಪರಿನ ಬಾಯಿಂದ ಹಲ್ಲಿನ ರೋಲರಿಗೆ ಎಷ್ಟು ಅಂತರ, ಮೇಲೆ ಜಾಲರಿ ಇದೆಯೇ, ಬೋಲ್ಟಿನ ತೂತು ಖಾಲಿ ಇದೆಯೇ, ಸ್ವಿಚ್ ನಿಂತ ಜಾಗದಿಂದ ಕೈಗೆಟಕುತ್ತದೆಯೇ. ಖಾಲಿ ತೂತು ಅಂದರೆ ಒಂದು ಕಾಲದಲ್ಲಿ ರಕ್ಷಣೆ ಇತ್ತು, ತೆಗೆದಿದ್ದಾರೆ ಎಂದರ್ಥ. ಯಾರು ತೆಗೆದರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾಯ್ದೆಯಲ್ಲಿ ಮಾಲೀಕನಿಗೆ ಇರುವ ತಪ್ಪಿಸಿಕೊಳ್ಳುವ ದಾರಿ ಮೂರೇ: ನೌಕರ ಕುಡಿದಿದ್ದ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದ, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದ. ‘ಅಜಾಗರೂಕತೆ’ ಇದರಲ್ಲಿ ಇಲ್ಲ. ಬೇಗ ತುಂಬಲಿ ಎಂದು ಜಾಲರಿಯನ್ನು ಪ್ಲಾಂಟಿನವರೇ ತೆಗೆದಿದ್ದರೆ ಮೂರನೆಯದೂ ಬಿದ್ದುಹೋಗುತ್ತದೆ. ಮೊದಲ ಆಸ್ಪತ್ರೆಯ ಹಾಳೆಯಲ್ಲಿ ಮದ್ಯದ ಉಲ್ಲೇಖ ಇಲ್ಲ ಎಂಬುದನ್ನೂ ನೋಡಿಟ್ಟುಕೊಳ್ಳಿ.

20,000ದ ವಿಷಯ ಯಾವ ಹೆಸರಲ್ಲಿ ಕೊಟ್ಟರು ಎಂಬುದರ ಮೇಲೆ ನಿಂತಿದೆ. ಪರಿಹಾರ ಅಥವಾ ಭತ್ಯೆ ಎಂದು ಕೊಟ್ಟದ್ದನ್ನು ಕಳೆಯಬಹುದು. ಚಿಕಿತ್ಸೆಗೆ ಕೊಟ್ಟದ್ದನ್ನು ಕಳೆಯುವಂತಿಲ್ಲ ಎಂದು 4ನೇ ಸೆಕ್ಷನ್ನಿನ ವಿವರಣೆಯಲ್ಲೇ ಇದೆ. ಆದ್ದರಿಂದ ಈಗ ಯಾವ ವೋಚರಿಗೂ ಹಿಂದಿನ ದಿನಾಂಕದಲ್ಲಿ ಸಹಿ ಬೇಡ. ಕೈಯಿಂದ ಹಾಕಿದ ಔಷಧ, ಡ್ರೆಸ್ಸಿಂಗ್, ಶಸ್ತ್ರಚಿಕಿತ್ಸೆಯ ಖರ್ಚನ್ನು ಪರಿಹಾರದ ಮೇಲೆ ಪ್ರತ್ಯೇಕವಾಗಿ ಕೇಳಬಹುದು, ಅಸಲು ಬಿಲ್ಲು ಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಆದ ಚಿಕಿತ್ಸೆಗೆ ಕೈಯಿಂದ ಖರ್ಚಾಗಿಲ್ಲವಾದ್ದರಿಂದ ಅದನ್ನು ಸೇರಿಸಬೇಡಿ. ಒಂದು ಸುಳ್ಳು ಬಿಲ್ಲು ಸಿಕ್ಕಿದರೆ ನಿಜವಾದ ಹತ್ತು ಬಿಲ್ಲಿನ ಮೇಲೂ ಅನುಮಾನ ಬರುತ್ತದೆ.

ಛಾಪಾ ಕಾಗದದ ಬಗ್ಗೆ: ಹಕ್ಕು ಬಿಟ್ಟುಕೊಡುವ ಒಪ್ಪಂದ 17ನೇ ಸೆಕ್ಷನ್ ಪ್ರಕಾರ ಶೂನ್ಯ. ರಾಜಿ ಆಗಬೇಕೆಂದರೆ ಒಪ್ಪಂದವನ್ನು ಆಯುಕ್ತರ (ಈ ಕಾಯ್ದೆಯಡಿ ಪರಿಹಾರ ತೀರ್ಮಾನಿಸುವವರ) ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಎಂದು ಕಂಡರೆ ಅವರು ನೋಂದಾಯಿಸದೆ ಇರಬಹುದು. ನೋಂದಣಿ ಇಲ್ಲದ ರಾಜಿಯಾದರೆ ಮಾಲೀಕ ಪೂರ್ತಿ ಮೊತ್ತಕ್ಕೆ ಹೊಣೆ, ಅಲ್ಲದೆ ಆ ರಾಜಿಯಲ್ಲಿ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯಲು ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಮಾಲೀಕರಿಗೆ ಶಾಂತವಾಗಿ ತಿಳಿಸಿದರೆ ಅವರೇ ಸರಿಯಾದ ಲೆಕ್ಕಕ್ಕೆ ಬರಬಹುದು. ಅವರಿಗೂ ಬಡ್ಡಿ, ದಂಡ ತಪ್ಪುತ್ತದೆ.

---

ಕೋರ್ಟು ಕಟ್ಟೆ:

ಮೇಲಿನದಕ್ಕೆ ಮುಂದುವರಿಸಿ, ಕೆಲಸದ ಕ್ರಮ ಹೀಗಿರಲಿ.

ಮೊದಲು ನೋಟಿಸ್. ಮಾಲೀಕರ ಹೆಸರಿಗೆ ಕನ್ನಡದಲ್ಲೇ ಒಂದು ಪುಟ: ಹೆಸರು, ವಿಳಾಸ, ಅಪಘಾತದ ದಿನಾಂಕ, ಗಂಟೆ, ಜಾಗ, ಹೇಗಾಯಿತು, ಗಾಯ ಏನು, ಸಂಬಳ ಎಷ್ಟು. ಸ್ಪೀಡ್ ಪೋಸ್ಟ್, ಸ್ವೀಕೃತಿ ಪತ್ರ ಸಮೇತ. ಇಷ್ಟು ದಿನ ಕೊಟ್ಟಿಲ್ಲ ಎಂದು ಹೆದರಬೇಡಿ. ಅಪಘಾತ ಮಾಲೀಕರಿಗೆ ಬೇರೆ ರೀತಿಯಲ್ಲಿ ಗೊತ್ತಿದ್ದರೆ ನೋಟಿಸಿನ ಕೊರತೆ ಅಡ್ಡಬರದು, ಮ್ಯಾನೇಜರ್ ಬಿಲ್ಲು ಕಟ್ಟಿದ್ದೇ ಅದಕ್ಕೆ ಉತ್ತರ. ಅದೇ ಪತ್ರದಲ್ಲಿ ‘ನೌಕರರ ಪರಿಹಾರ ವಿಮೆ ಇದ್ದರೆ ಕಂಪನಿ, ಪಾಲಿಸಿ ಸಂಖ್ಯೆ ತಿಳಿಸಿ’ ಎಂದು ಒಂದು ಸಾಲು ಸೇರಿಸಿ. ವಿಮೆ ಇದ್ದರೆ ಕಂಪನಿಯನ್ನೂ ಎದುರುದಾರ ಮಾಡಬೇಕು. ಬಿಟ್ಟರೆ ಮಧ್ಯದಲ್ಲಿ ಸೇರಿಸುವುದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ. ಅಸಲು ಮತ್ತು ಬಡ್ಡಿ ವಿಮೆಯಿಂದ ಬರುತ್ತದೆ, ದಂಡ ಮಾಲೀಕರ ಜೇಬಿನಿಂದಲೇ.

ನೋಟಿಸಿನ ಒಂದು ಪ್ರತಿಯನ್ನು ಹಿರಿಯ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅವರು ಸ್ಥಳಕ್ಕೆ ಹೋಗಿ ಹಾಜರಿ ಪುಸ್ತಕ ನೋಡಿದರೆ ಆ ವರದಿಯೇ ಸಾಕ್ಷಿ. ಪೊಲೀಸ್ ದೂರು ಪರಿಹಾರಕ್ಕೆ ಕಡ್ಡಾಯವಲ್ಲ. ಕೊಡುವುದಾದರೆ ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ, ಭಾರತೀಯ ನ್ಯಾಯ ಸಂಹಿತೆಯ 289. ತಡವಾದದ್ದಕ್ಕೆ ಕಾರಣವನ್ನು ಇದ್ದ ಹಾಗೆ ಬರೆಯಿರಿ: ಆಸ್ಪತ್ರೆಯಲ್ಲಿದ್ದ, ಮಾಲೀಕರು ನೋಡಿಕೊಳ್ಳುತ್ತೇವೆ ಎಂದರು.

ಆಮೇಲೆ ಅರ್ಜಿ. ನಮ್ಮ ರಾಜ್ಯದಲ್ಲಿ ಈಗ ಈ ಆಯುಕ್ತರ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರ ಬಳಿ ಇದೆ. ಹಳೆಯ ನೆನಪಿನಿಂದ ಕಾರ್ಮಿಕ ಅಧಿಕಾರಿಯ ಕಚೇರಿಗೆ ಅರ್ಜಿ ಹಾಕಿ ಕಾದು ಕೂತವರಿದ್ದಾರೆ. ಕಾರವಾರ ನ್ಯಾಯಾಲಯಕ್ಕೇ ಹೋಗಿ. ಅಪಘಾತ ಆದ ಜಾಗ, ನೌಕರ ವಾಸವಿರುವ ಜಾಗ, ಎರಡರಲ್ಲಿ ಎಲ್ಲಾದರೂ ಹಾಕಬಹುದು. ಕಾಲಮಿತಿ ಅಪಘಾತದಿಂದ ಎರಡು ವರ್ಷ, ನಿಮಗೆ 2027ರ ಆಗಸ್ಟ್‌ವರೆಗೆ ಇದೆ. ಆದರೆ ಸಾಕ್ಷಿ ಹೇಳುವ ಹುಡುಗರು ಊರು ಬಿಡುತ್ತಾರೆ, ಬೋಟಿನವರು ಬದಲಾಗುತ್ತಾರೆ, ಅಲ್ಲಿಯವರೆಗೆ ಎಳೆಯಬೇಡಿ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಕೈಗಾರಿಕಾ ಕಾರ್ಮಿಕರಿಗೂ ಅಂಗವಿಕಲರಿಗೂ ಉಚಿತ ವಕೀಲರು ಸಿಗುತ್ತಾರೆ. ಇವನು ಎರಡೂ ಕಡೆ ಅರ್ಹ. ಸಹಾಯವಾಣಿ 15100.

ಅರ್ಜಿ ಮೂರು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ, ಮುಗಿಯುವುದು ಅಪರೂಪ. ಮಾಲೀಕರು ‘ಹೊಣೆ ಇದೆ, ಆದರೆ ಇಷ್ಟಿಲ್ಲ’ ಎನ್ನುವವರಾದರೆ, ಒಪ್ಪಿದಷ್ಟನ್ನು ಮೊದಲೇ ಠೇವಣಿ ಇಡಬೇಕು. ಇದನ್ನು ಮೊದಲ ವಾಯಿದೆಯಲ್ಲೇ ಕೇಳಿ. ತೀರ್ಪಿನ ಮೇಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ, ಅದಕ್ಕೂ ಮಾಲೀಕರು ಮೊತ್ತವನ್ನು ಠೇವಣಿ ಇಟ್ಟೇ ಹೋಗಬೇಕು.

---

ಸೋದೆ ಸೀಮೆ:

ಶಿರಸಿ ಕಡೆಯ ಅಂಗಡಿ, ವಖಾರಿಗಳಲ್ಲಿ ಕೆಲಸ ಮಾಡುವವರಿಗಾಗಿ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಕಾಯಿಲೆ ರಜೆಯ ಸಂಬಳ ಎಂದರೆ ಎಲ್ಲರೂ ಒಂದೇ ಎಂದುಕೊಂಡಿದ್ದಾರೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 15ನೇ ಸೆಕ್ಷನ್ ಪ್ರಕಾರ ಕಾಯಿಲೆ ಅಥವಾ ಅಪಘಾತಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಇದೆ. 20 ದಿನಕ್ಕೆ ಒಂದರಂತೆ ಬರುವ ಗಳಿಕೆ ರಜೆ ಇದಕ್ಕಿಂತ ಬೇರೆ. ಅಡಿಕೆ ಚೀಲ ಹೊತ್ತು ಸೊಂಟ ಉಳುಕಿದವನಿಗೆ ಈ 12 ದಿನವನ್ನು ಮೊದಲು ಕೇಳಿ. 2025ರ ನವೆಂಬರ್‌ವರೆಗೆ ಇದ್ದ ಕಾರ್ಖಾನೆಗಳ ಕಾಯ್ದೆಯಲ್ಲಿ ಹೀಗೆ ಪ್ರತ್ಯೇಕ ಕಾಯಿಲೆ ರಜೆ ಇರಲಿಲ್ಲ. ಕಾರ್ಖಾನೆಯವರಿಗೆ ಇಎಸ್‌ಐ ಕಾಯಿಲೆ ಭತ್ಯೆ: ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ. ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಇಲ್ಲಿ ಎಡವುವುದು ಪ್ರಮಾಣಪತ್ರದಲ್ಲಿ. ಖಾಸಗಿ ವೈದ್ಯರ ಚೀಟಿ ತಂದು ಕೊಟ್ಟು ಹಣ ಬರಲಿಲ್ಲ ಎನ್ನುತ್ತಾರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು. ಈ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ.

---

ಕಾಳಿ ಸೇತುವೆ:

ಗೋವಾಕ್ಕೆ ಹೋಗಿಬಂದು ದುಡಿಯುವವರು ನಮ್ಮಲ್ಲಿ ಸಾಕಷ್ಟು, ಅವರಿಗಾಗಿ. ಕೆಲಸದಲ್ಲಿ ಗಾಯ ಗೋವಾದಲ್ಲೇ ಆದರೂ ವಾಸ ಕಾರವಾರ ತಾಲೂಕಿನಲ್ಲಿದ್ದರೆ ಕಾರವಾರದಲ್ಲೇ ಅರ್ಜಿ ಹಾಕಬಹುದು, ಅಲ್ಲಿನ ಆಯುಕ್ತರಿಗೆ ಇಲ್ಲಿಂದ ನೋಟಿಸ್ ಹೋಗುತ್ತದೆ. ಪಣಜಿಗೆ ವಾಯಿದೆಗೆ ಓಡಾಡಬೇಕಿಲ್ಲ. ದಾರಿಯಲ್ಲಿ ಬೈಕಿಗೆ ಲಾರಿ ಡಿಕ್ಕಿ ಹೊಡೆದರೆ ಲೆಕ್ಕ ಬೇರೆ. ಇಎಸ್‌ಐ ಇದ್ದರೆ ಕೆಲಸಕ್ಕೆ ಹೋಗುವ ದಾರಿಯ ಅಪಘಾತವೂ 2010ರಿಂದ ಸೇರುತ್ತದೆ. ಪರಿಹಾರ ಕಾನೂನಿನಲ್ಲಿ ಅದು ಸ್ಪಷ್ಟವಾಗಿ ಬಂದದ್ದು ಹೊಸ ಸಂಹಿತೆಯಲ್ಲಿ. ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗಬಹುದು, ಆದರೆ ನ್ಯಾಯಮಂಡಳಿ ಅಥವಾ ನೌಕರರ ಪರಿಹಾರ, ಎರಡರಲ್ಲಿ ಒಂದೇ. ನ್ಯಾಯಮಂಡಳಿಯಲ್ಲಿ 15,000ದ ಮಿತಿ ಇಲ್ಲ, ಆದರೆ ಆರು ತಿಂಗಳೊಳಗೆ ಅರ್ಜಿ ಎಂದು ಕಾಯ್ದೆಯಲ್ಲಿದೆ, ಎದುರಿನವರ ತಪ್ಪನ್ನೂ ಸಾಬೀತು ಮಾಡಬೇಕು.

---

ಮಾಜಾಳಿ ಕಡೆಯವ:

ಎಲ್ಲ ಬರೆದುಕೊಂಡೆ. ಕೇಸ್ ಶೀಟಿನ ನಕಲಿಗೆ ಇವತ್ತು ಅರ್ಜಿ ಕೊಟ್ಟೆವು. ಆ ರಾತ್ರಿ ಕಾಯುತ್ತಿದ್ದ ಪರ್ಸಿನ್ ಬೋಟಿನ ತಾಂಡೇಲ ಸಿಕ್ಕಿದ್ದಾನೆ, ಚೀಟಿ ಹುಡುಕುತ್ತಾನಂತೆ. ಒಂದೇ ಅನುಮಾನ: ನಮ್ಮ ಹುಡುಗ ಈಗ ಬೇರೆ ಕಡೆ ಹಗುರ ಕೆಲಸಕ್ಕೆ ಸೇರಿದರೆ ಪರಿಹಾರ ಕಡಿಮೆಯಾಗುತ್ತದೆಯೇ?

---

ಬಂದರ ರಸ್ತೆ:

ಎರಡು ಬೆರಳಿನ ಶೇ 20 ಅನುಸೂಚಿಯಲ್ಲಿ ಬರೆದದ್ದು, ಬೇರೆ ಕೆಲಸ ಸಿಕ್ಕಿತೆಂದು ಅದು ಇಳಿಯುವುದಿಲ್ಲ. ಹೆಚ್ಚಿನ ಶೇಕಡಾ ಕೇಳುವಾಗ ಮಾತ್ರ ಎದುರಿನ ವಕೀಲರು ಈ ಹೊಸ ಕೆಲಸವನ್ನು ಎತ್ತುತ್ತಾರೆ. ಸೇರಲಿ, ಮನೆ ನಡೆಯಬೇಕಲ್ಲ. ಹೊಸ ಕೆಲಸ ಏನು, ಸಂಬಳ ಎಷ್ಟು, ಬಲಗೈಯಿಂದ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಸಿ. ತಾಂಡೇಲನ ಚೀಟಿ ಸಿಕ್ಕ ಕೂಡಲೇ ಎರಡೂ ಬದಿಯ ಫೋಟೋ ತೆಗೆದಿಡಿ. ಆ ಚೀಟಿಗಳ ಶಾಯಿ ಉಪ್ಪುಗಾಳಿಗೆ ಬೇಗ ಮಾಸುತ್ತದೆ.